ಸ್ಟೆತಸ್ಕೋಪ್ ಕಿವಿಗಿಡುವ ಮುನ್ನ: ಪಿಎ (ಫಿಸಿಷಿಯನ್ ಅಸಿಸ್ಟೆಂಟ್) ವಿದ್ಯಾರ್ಥಿಗಳ ಪ್ರಾಕ್ಟಿಕಲ್ ತಯಾರಿ ಹೇಗೆ?

ಥಿಯರಿಯಲ್ಲಿ ಎಪ್ಪತ್ತು ದಾಟಿದವರೂ ಪ್ರಾಕ್ಟಿಕಲ್‌ನಲ್ಲಿ ತಡವರಿಸುತ್ತಾರೆ. ಅದೂ ಯಾವುದೋ ಅಪರೂಪದ ಕಾಯಿಲೆಯ ಮುಂದಲ್ಲ, ಬಿಪಿ ನೋಡುವಾಗ. ವಾರ್ಡಿನಲ್ಲಿ ಮಾನಿಟರ್ ತಾನಾಗಿಯೇ ಅಂಕಿ ತೋರಿಸುತ್ತಿರುತ್ತದೆ. ಬಲ್ಬ್ ಒತ್ತಿ, ಕಿವಿಗೊಟ್ಟು ಅಳೆಯುವ ರೂಢಿ ಮೊದಲ ವರ್ಷಕ್ಕೇ ಮುಗಿದುಹೋಗಿರುತ್ತದೆ. ಪರೀಕ್ಷಕರಿಗೆ ಇದು ಚೆನ್ನಾಗಿ ಗೊತ್ತು, ಹಾಗಾಗಿ ಅದನ್ನೇ ಮಾಡಿಸುತ್ತಾರೆ.

ವೈದ್ಯರ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಫಿಸಿಷಿಯನ್ ಅಸಿಸ್ಟೆಂಟ್ ಎಂಬ ವೃತ್ತಿ ಶುರುವಾದದ್ದು 1965ರಲ್ಲಿ, ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ. ನೌಕಾಪಡೆಯಲ್ಲಿ ವೈದ್ಯಕೀಯ ತರಬೇತಿ ಪಡೆದಿದ್ದವರೇ ಮೊದಲ ತಂಡದ ವಿದ್ಯಾರ್ಥಿಗಳು. ಭಾರತಕ್ಕೆ ಅದು 1992ರಲ್ಲಿ ಚೆನ್ನೈನ ಹೃದಯ ಶಸ್ತ್ರಚಿಕಿತ್ಸಾ ವಲಯದ ಮೂಲಕ ಬಂತು. 2021ರ ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತನ್ನ ಪಟ್ಟಿಯಲ್ಲಿ ಈ ವೃತ್ತಿಗೂ ಜಾಗ ಕೊಟ್ಟಿತು. ಮೂಲ ಹೃದ್ರೋಗ ವಿಭಾಗದ್ದಾದ್ದರಿಂದಲೋ ಏನೋ, ನಮ್ಮ ಪಿಎ ಪರೀಕ್ಷೆಗಳಲ್ಲಿ ಎದೆಯ ಕೇಸುಗಳಿಗೆ ಇಂದಿಗೂ ತೂಕ ಜಾಸ್ತಿ.

ಮೂವರು ಸೇರಿ, ಇಬ್ಬರಲ್ಲ

ಆಸ್ಕಿ (ಓಎಸ್‌ಸಿಇ) ಎಂದು ಕರೆಯುವ, ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸುತ್ತ ಸಾಗುವ ಪ್ರಾಕ್ಟಿಕಲ್ ಪರೀಕ್ಷೆಯನ್ನು 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ರೂಪಿಸಿದರು. ಒಂದೊಂದು ಸ್ಟೇಷನ್‌ಗೆ ಸಾಮಾನ್ಯವಾಗಿ 5ರಿಂದ 10 ನಿಮಿಷ. ಪರೀಕ್ಷಕರ ಕೈಯಲ್ಲಿ ಚೆಕ್‌ಲಿಸ್ಟ್ ಇರುತ್ತದೆ. ನೀವು ಮನಸ್ಸಿನಲ್ಲೇ ಮಾಡಿಕೊಂಡ ಯಾವುದಕ್ಕೂ ಅದರಲ್ಲಿ ಟಿಕ್ ಬೀಳುವುದಿಲ್ಲ. ಕಣ್ಣಲ್ಲೇ ಕಫ್‌ನ (ಬಿಪಿ ನೋಡಲು ತೋಳಿಗೆ ಸುತ್ತುವ ಪಟ್ಟಿಯ) ಅಳತೆ ನೋಡಿಕೊಂಡಿರಬಹುದು, ಆದರೆ "ಈ ತೋಳಿಗೆ ಈ ಕಫ್ ಸರಿಹೋಗುತ್ತದೆ" ಎಂದು ಬಾಯಿಬಿಟ್ಟು ಹೇಳದಿದ್ದರೆ ಅಂಕವಿಲ್ಲ.

ಆದ್ದರಿಂದ ಅಭ್ಯಾಸಕ್ಕೆ ಮೂವರು ಬೇಕು: ಒಬ್ಬರು ರೋಗಿ, ಒಬ್ಬರು ಅಭ್ಯರ್ಥಿ, ಇನ್ನೊಬ್ಬರು ಚೆಕ್‌ಲಿಸ್ಟ್ ಹಿಡಿದ ಪರೀಕ್ಷಕ. ಇಬ್ಬರೇ ಕೂತರೆ ರೋಗಿಯಾದವನೇ ಪರೀಕ್ಷಕನೂ ಆಗಿ, ಗೆಳೆತನಕ್ಕೆ ಅರ್ಧ ಅಂಕ ಕೊಟ್ಟುಬಿಡುತ್ತಾನೆ. ಮೊಬೈಲಿನಲ್ಲಿ 7 ನಿಮಿಷದ ಟೈಮರ್ ಇಡಿ. ಗಂಟೆ ಹೊಡೆದ ಮೇಲೆ ಒಂದು ಮಾತೂ ಆಡುವಂತಿಲ್ಲ. ದಿನಕ್ಕೆ ಮೂರು ಸ್ಟೇಷನ್ ಸಾಕು, ಮೂರು ವಾರ ಬಿಡದೆ ಮಾಡಿ. ಲಾಗ್‌ಬುಕ್ಕಿನಲ್ಲಿ ಸಹಿ ಬಿದ್ದಿದ್ದರೂ ಕೈಯಾರೆ ಎರಡು ಸಲವೂ ಮಾಡಿರದ ಕೆಲಸಗಳನ್ನು ಮೊದಲ ವಾರಕ್ಕೆ ಹಾಕಿಕೊಳ್ಳಿ.

ಬಿಪಿ: ಸುಲಭವೆಂದು ಬಿಟ್ಟದ್ದು

ಕೈ ಶುಚಿ ಮಾಡಿಕೊಳ್ಳುವುದರಿಂದ ಶುರುಮಾಡಿ. ಆಲ್ಕೋಹಾಲ್ ರಬ್ ಆದರೆ 20ರಿಂದ 30 ಸೆಕೆಂಡು, ಸೋಪು ನೀರಾದರೆ 40ರಿಂದ 60. ಹೆಸರು ಕೇಳಿ, ಏನು ಮಾಡುತ್ತೀರೆಂದು ತಿಳಿಸಿ, ಒಪ್ಪಿಗೆ ಪಡೆಯಿರಿ. ಕಳೆದ ಅರ್ಧ ಗಂಟೆಯಲ್ಲಿ ಕಾಫಿ ಕುಡಿದಿದ್ದಾರಾ, ಬೀಡಿ ಸಿಗರೇಟು ಸೇದಿದ್ದಾರಾ, ಮೂತ್ರ ಕಟ್ಟಿಕೊಂಡು ಕೂತಿದ್ದಾರಾ ಎಂದು ವಿಚಾರಿಸಿ. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲದ ಮೇಲಿರಬೇಕು, ಕಾಲ ಮೇಲೆ ಕಾಲು ಹಾಕಿರಬಾರದು. ಐದು ನಿಮಿಷದ ವಿಶ್ರಾಂತಿ ಬೇಕು. ಪರೀಕ್ಷೆಯಲ್ಲಿ ಅಷ್ಟು ಕಾಯಲಾಗದು, "ಐದು ನಿಮಿಷ ಕೂರಿಸಿದ್ದೇನೆಂದು ಭಾವಿಸುತ್ತೇನೆ" ಎಂದರೆ ಸಾಕು.

ಕಫ್ಫಿನೊಳಗಿನ ಗಾಳಿಚೀಲದ ಉದ್ದ ತೋಳಿನ ಸುತ್ತಳತೆಯ 80 ಶೇಕಡಾ, ಅಗಲ 40 ಶೇಕಡಾ ಇರಬೇಕು. ಸಾಮಾನ್ಯ ಅಡಲ್ಟ್ ಕಫ್ 27ರಿಂದ 34 ಸೆಂ.ಮೀ. ಸುತ್ತಳತೆಯ ತೋಳಿಗೆ ಸರಿ. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ, ಏಕೆಂದರೆ ಒತ್ತಡ ರಕ್ತನಾಳದವರೆಗೆ ಪೂರ್ತಿ ತಲುಪುವುದಿಲ್ಲ. ರವಿಕೆ ಅಥವಾ ಶರ್ಟಿನ ತೋಳಿನ ಮೇಲೆಯೇ ಸುತ್ತುವುದೂ ತಪ್ಪು, ಬಿಗಿ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿ ಕಟ್ಟುಹಾಕಿದಂತೆ ಮಾಡುವುದೂ ತಪ್ಪು. ಕಫ್ಫಿನ ಕೆಳ ಅಂಚು ಮೊಣಕೈ ಮಡಿಕೆಗಿಂತ 2–3 ಸೆಂ.ಮೀ. ಮೇಲಿರಲಿ, ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಲಿ. ಕೈ ಕೆಳಗೆ ಜೋತಾಡುತ್ತಿದ್ದರೆ ಪ್ರತಿ 10 ಸೆಂ.ಮೀ.ಗೆ ಬಿಪಿಯಲ್ಲಿ 7–8 ಮಿ.ಮೀ. (ಪಾದರಸದ ಅಳತೆ) ಸುಳ್ಳು ಏರಿಕೆ ಖಚಿತ.

ಮುಂದಿನ ಹಂತವನ್ನೇ ಹೆಚ್ಚಿನವರು ಹಾರಿಸಿಬಿಡುತ್ತಾರೆ: ಮೊದಲು ಬೆರಳಿನಿಂದ ಅಳೆಯಬೇಕು. ಮಣಿಕಟ್ಟಿನ ನಾಡಿ ಹಿಡಿದು ಪಂಪ್ ಮಾಡಿ. ನಾಡಿ 130ರಲ್ಲಿ ಮಾಯವಾಯಿತು ಎನ್ನಿ. ಗಾಳಿ ಪೂರ್ತಿ ಬಿಟ್ಟು ಅರ್ಧದಿಂದ ಒಂದು ನಿಮಿಷ ತಡೆಯಿರಿ. ಈಗ ಸ್ಟೆತಸ್ಕೋಪ್ ಇಟ್ಟು 160ಕ್ಕೆ, ಅಂದರೆ 30 ಹೆಚ್ಚಿಗೆ ಏರಿಸಿ, ಸೆಕೆಂಡಿಗೆ 2–3 ಮಿ.ಮೀ. ವೇಗದಲ್ಲಿ ಇಳಿಸುತ್ತ ಬನ್ನಿ. ಮೊದಲ ಟಕ್ ಶಬ್ದ ಕೇಳಿದ್ದೇ ಸಿಸ್ಟಾಲಿಕ್ (ಮೇಲಿನ ಅಂಕಿ), ಶಬ್ದ ಪೂರ್ತಿ ಅಡಗಿದ್ದು ಡಯಾಸ್ಟಾಲಿಕ್ (ಕೆಳಗಿನ ಅಂಕಿ). ಬೆರಳಿನ ಹಂತ ಯಾಕೆಂದು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳಿಯೇ ಕೇಳುತ್ತಾರೆ. ಕೆಲವು ರಕ್ತದೊತ್ತಡ ರೋಗಿಗಳಲ್ಲಿ ಶಬ್ದ ಒಮ್ಮೆ ಕೇಳಿ, ನಡುವೆ ನಿಂತು, ಕೆಳಗೆ ಮತ್ತೆ ಕೇಳಿಸುತ್ತದೆ. ನಿಮ್ಮ ಪಂಪ್ ಆ ಮೌನದ ನಡುವಿನವರೆಗಷ್ಟೇ ಏರಿದ್ದರೆ 190 ಇರುವವರಿಗೆ 150 ಎಂದು ಬರೆದುಬಿಡುತ್ತೀರಿ. ಇದನ್ನು ಆಸ್ಕಲ್ಟೇಟರಿ ಗ್ಯಾಪ್ ಎನ್ನುತ್ತಾರೆ.

ಅನೆರಾಯ್ಡ್ (ಮುಳ್ಳಿನ ಬಿಪಿ ಉಪಕರಣ) ಡಯಲ್‌ನಲ್ಲಿ ಗೆರೆಗಳಿರುವುದು ಎರಡೆರಡು ಮಿ.ಮೀ.ಗೆ. ಹಾಗಾಗಿ "127" ಎಂದವರನ್ನು ಪರೀಕ್ಷಕರು ಕನ್ನಡಕದ ಮೇಲಿಂದ ನೋಡುತ್ತಾರೆ. ಎಲ್ಲರಿಗೂ 120/80 ಬರೆಯುವವರ ಕತೆಯೂ ಅಷ್ಟೇ. "128/82, ಬಲತೋಳು, ಕುಳಿತ ಭಂಗಿ" ಎಂದು ಪೂರ್ತಿ ಹೇಳಿ. ಶುರುವಿಗೆ ಮುಳ್ಳು ಸೊನ್ನೆಯಲ್ಲಿ ಇಲ್ಲದಿದ್ದರೆ ಬೇರೆ ಉಪಕರಣ ಕೇಳಿ ಪಡೆಯಿರಿ, ಅದಕ್ಕೂ ಅಂಕವಿರಬಹುದು.

"ಗ್ಯಾಸ್ಟ್ರಿಕ್" ಅಂದರೆ ಏನು?

ಹಿಸ್ಟರಿ ತೆಗೆಯುವುದನ್ನು, ಅಂದರೆ ರೋಗಿಯಿಂದ ಕಾಯಿಲೆಯ ವಿವರ ಕೇಳಿ ತಿಳಿಯುವುದನ್ನು, ಇಂಗ್ಲಿಷಿನಲ್ಲಿ ಉರುಹೊಡೆದು, ರೋಗಿಯ ಮುಂದೆ ಮನಸ್ಸಿನಲ್ಲೇ ಭಾಷಾಂತರಿಸುತ್ತ ಕೂತರೆ ಅರ್ಧ ಸಮಯ ಅದಕ್ಕೇ ಹೋಗುತ್ತದೆ. ಪ್ರಶ್ನೆಗಳನ್ನು ಕನ್ನಡದಲ್ಲೇ ರೂಢಿಸಿಕೊಳ್ಳಿ. ಎದೆನೋವಿಗೆ ಬಂದವರು "ಎದೆನೋವು" ಎನ್ನುವುದು ಕಡಿಮೆ. "ಗ್ಯಾಸ್ಟ್ರಿಕ್ ಆಗಿದೆ", "ಎದೆ ಹಿಡಿದ ಹಾಗಾಗುತ್ತೆ", "ಎದೆ ಮೇಲೆ ಕಲ್ಲು ಇಟ್ಟಂಗೆ" ಎನ್ನುತ್ತಾರೆ. ಉತ್ತರ ಕರ್ನಾಟಕದವರಿಗೆ ಉಸಿರಾಟದ ತೊಂದರೆ "ದಮ್ಮು". ಗ್ಯಾಸ್ಟ್ರಿಕ್ ಎಂದ ತಕ್ಷಣ ಹೊಟ್ಟೆಯ ಕಡೆ ತಿರುಗಬೇಡಿ. "ನಡೆದಾಗ, ಮೆಟ್ಟಿಲು ಹತ್ತಿದಾಗ ಜಾಸ್ತಿ ಆಗುತ್ತಾ? ನಿಂತರೆ ಕಡಿಮೆ ಆಗುತ್ತಾ? ಎಡಗೈಗೆ, ದವಡೆಗೆ ಹಬ್ಬುತ್ತಾ? ಬೆವರು ಬಂತಾ?" ಎಂದು ಕೇಳಿ. ಉತ್ತರ ಹೌದಾದರೆ, ಬಂದ 10 ನಿಮಿಷದೊಳಗೆ ಇಸಿಜಿ ತೆಗೆದು ವೈದ್ಯರಿಗೆ ತೋರಿಸಬೇಕು ಎಂಬ ಮಾತು ನಿಮ್ಮ ಬಾಯಿಂದ ಬರಬೇಕು.

ಇನ್ನೊಂದು ಬಲೆ. "ಬಿಪಿ, ಶುಗರ್ ಇದೆಯಾ?" ಎಂದರೆ "ಇಲ್ಲ" ಎನ್ನುತ್ತಾರೆ, ಮಾತ್ರೆಯಿಂದ ಹತೋಟಿಯಲ್ಲಿದೆ, ಆದ್ದರಿಂದ ಅವರ ಪಾಲಿಗೆ ಇಲ್ಲ. "ದಿನಾ ಏನಾದರೂ ಮಾತ್ರೆ ತಗೋತೀರಾ? ಚೀಟಿ ಇದೆಯಾ?" ಎಂದು ಕೇಳಿದರೆ ಪ್ಲಾಸ್ಟಿಕ್ ಕವರಿನಿಂದ ನಾಲ್ಕು ಸ್ಟ್ರಿಪ್ ಹೊರಬರುತ್ತವೆ.

ಎದೆಯ ಸದ್ದು

ಸ್ಟೆತಸ್ಕೋಪಿನ ಕಿವಿತುದಿಗಳು ಮುಂದಕ್ಕೆ, ಮೂಗಿನ ಕಡೆಗೆ ವಾಲಿರಬೇಕು. ಎದೆಗಿಡುವ ಮೊದಲು ಡಯಾಫ್ರಾಮನ್ನು (ತಲೆಯ ಚಪ್ಪಟೆ ಬದಿಯನ್ನು) ಮೆಲ್ಲಗೆ ತಟ್ಟಿ. ಎರಡು ಬದಿಯ ಸ್ಟೆತಸ್ಕೋಪಿನ ತಲೆ ತಿರುಗಿಕೊಂಡಿದ್ದರೆ ಏನೂ ಕೇಳಿಸುವುದಿಲ್ಲ, ಆಗ ಅಭ್ಯರ್ಥಿಯ ಎದೆಬಡಿತ ಮಾತ್ರ ಇಡೀ ಕೊಠಡಿಗೆ ಕೇಳಿಸುತ್ತದೆ.

ಪಕ್ಕೆಲುಬನ್ನು ಅಂದಾಜಿನಲ್ಲಿ ಎಣಿಸಬೇಡಿ. ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಉಬ್ಬುಗೆರೆಯ ಪಕ್ಕದ್ದು ಎರಡನೇ ಪಕ್ಕೆಲುಬು, ಅದರ ಕೆಳಗಿನದು ಎರಡನೇ ಸಂದು (ಪಕ್ಕೆಲುಬುಗಳ ನಡುವಿನ ಜಾಗ). ಹೃದಯದ ಕವಾಟಗಳ ಸದ್ದು ಕೇಳುವ ಜಾಗಗಳಲ್ಲಿ, ಅಲ್ಲಿ ಬಲಕ್ಕೆ ಅಯೋರ್ಟಿಕ್, ಎಡಕ್ಕೆ ಪಲ್ಮನರಿ. ಎದೆಮೂಳೆಯ ಎಡ ಕೆಳ ಅಂಚಿಗೆ ಟ್ರೈಕಸ್ಪಿಡ್. ಐದನೇ ಸಂದಿನಲ್ಲಿ ಕಾಲರ್ ಮೂಳೆಯ ನಡುವಿನಿಂದ ಇಳಿದ ಗೆರೆಯ ಮೇಲೆ ಮೈಟ್ರಲ್. ಕೇಳುವಾಗ ಇನ್ನೊಂದು ಕೈ ಒಂದೇ ಕಡೆಯ ಕೆರೋಟಿಡ್ (ಕತ್ತಿನ) ನಾಡಿಯ ಮೇಲಿರಲಿ, ಎರಡೂ ಕಡೆ ಒಟ್ಟಿಗೆ ಒತ್ತಕೂಡದು. ನಾಡಿ ಬಡಿದಾಗ ಕೇಳಿದ ಮರ್ಮರ್ (ಹೃದಯದ ಹೆಚ್ಚುವರಿ ಸದ್ದು) ಸಿಸ್ಟಾಲಿಕ್, ಅಂದರೆ ಹೃದಯ ಕುಗ್ಗುವಾಗಿನದು. ಇಷ್ಟು ಹೇಳಿದರೂ ಅರ್ಧ ಅಂಕ ಗಿಟ್ಟಿತು.

ನಮ್ಮಲ್ಲಿ ರುಮಾಟಿಕ್ ಹೃದ್ರೋಗ ಇನ್ನೂ ಇದೆ, ಮೈಟ್ರಲ್ ಸ್ಟೆನೋಸಿಸ್ (ಮೈಟ್ರಲ್ ಕವಾಟ ಕಿರಿದಾಗುವುದು) ಶಾರ್ಟ್ ಕೇಸಾಗಿ ಬರುತ್ತಲೇ ಇರುತ್ತದೆ. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ಸ್ಟೆತಸ್ಕೋಪಿನ ಬೆಲ್ ಭಾಗವನ್ನು (ಬಟ್ಟಲಿನಂಥ ಬದಿಯನ್ನು) ಹಗುರವಾಗಿ ಇಡಿ. ಒತ್ತಿದರೆ ಕೆಳಗಿನ ಚರ್ಮ ಬಿಗಿದು ಬೆಲ್ಲೇ ಡಯಾಫ್ರಾಮ್ ಆಗಿಬಿಡುತ್ತದೆ, ದೂರದ ಗುಡುಗಿನಂಥ ಆ ತಗ್ಗುದನಿ ಮಾಯವಾಗುತ್ತದೆ. ಅಯೋರ್ಟಿಕ್ ರಿಗರ್ಜಿಟೇಷನ್‌ಗೆ (ಅಯೋರ್ಟಿಕ್ ಕವಾಟದ ಸೋರಿಕೆಗೆ) ಇದರ ತದ್ವಿರುದ್ಧ: ಕೂರಿಸಿ, ಮುಂದಕ್ಕೆ ಬಾಗಿಸಿ, ಉಸಿರು ಬಿಟ್ಟು ಹಿಡಿಯಲು ಹೇಳಿ, ಎದೆಮೂಳೆಯ ಎಡ ಅಂಚಿಗೆ ಡಯಾಫ್ರಾಮನ್ನು ಗಟ್ಟಿಯಾಗಿ ಒತ್ತಿ. "ಉಸಿರು ಬಿಡಿ" ಎಂದು ಹೇಳುವ ನೀವು, "ಇನ್ನು ಉಸಿರಾಡಿ" ಎನ್ನುವುದನ್ನು ಮರೆಯಬೇಡಿ.

ಇಸಿಜಿ

ಎದೆಗೆ ಅಂಟಿಸುವ ಆರು ಎಲೆಕ್ಟ್ರೋಡ್‌ಗಳೇ ವಿ1ರಿಂದ ವಿ6. ವಿ1, ವಿ2 ನಾಲ್ಕನೇ ಸಂದಿನಲ್ಲಿ, ಎದೆಮೂಳೆಯ ಬಲ ಮತ್ತು ಎಡಕ್ಕೆ. ನಂತರ ವಿ3ಕ್ಕೆ ಹೋಗಬೇಡಿ, ಮೊದಲು ವಿ4 ಅನ್ನು ಐದನೇ ಸಂದಿನಲ್ಲಿ ಹಾಕಿ, ವಿ2 ಮತ್ತು ವಿ4ರ ನಡುವೆ ವಿ3. ವಿ5, ವಿ6 ಎರಡೂ ವಿ4ರ ಸಮಮಟ್ಟದಲ್ಲಿ ಅಡ್ಡಕ್ಕೆ ಸಾಗಬೇಕು, ಪಕ್ಕೆಲುಬಿನ ವಾಲನ್ನು ಹಿಂಬಾಲಿಸಿ ಮೇಲೆ ಹೋಗಬಾರದು. ಎಲ್ಲರೂ ಮಾಡುವ ತಪ್ಪು ವಿ1, ವಿ2ನ್ನು ಎರಡನೇ ಸಂದಿಗೆ ಏರಿಸುವುದು. ಆಗ ಆರ್ ಅಲೆ (ಪ್ರತಿ ಬಡಿತದ ಮೇಲ್ಮುಖದ ಮೊನೆ) ಸರಿಯಾಗಿ ಬೆಳೆಯದೆ, ಇಲ್ಲದ ಹಳೆಯ ಹಾರ್ಟ್ ಅಟ್ಯಾಕ್ ಕಾಣಿಸಿಕೊಳ್ಳಬಹುದು. ಇಸಿಜಿಯ ಲೀಡ್ 1 ಎಂಬ ನೋಟ ತಲೆಕೆಳಗಾಗಿ, ಎವಿಆರ್ ಎಂಬುದು ನೆಟ್ಟಗೆ ನಿಂತಿದ್ದರೆ ರೋಗ ಹುಡುಕುವ ಮೊದಲು ಎರಡೂ ಕೈಗಳ ವೈರ್ ಅದಲುಬದಲಾಗಿದೆಯೇ ನೋಡಿ.

ಓದುವಾಗ ಮೊದಲು ಹೆಸರು ಮತ್ತು ವೇಳೆ, ಆಮೇಲೆ ವೇಗ ಮತ್ತು ಎತ್ತರ: ಸೆಕೆಂಡಿಗೆ 25 ಮಿ.ಮೀ., ಮಿಲಿವೋಲ್ಟಿಗೆ 10 ಮಿ.ಮೀ. ಲಯ ಸಮವಾಗಿದ್ದರೆ 300ನ್ನು ಎರಡು ಆರ್‌ಗಳ ನಡುವಿನ ದೊಡ್ಡ ಚೌಕಗಳಿಂದ ಭಾಗಿಸಿ. ಲಯ ತಪ್ಪಿದ್ದರೆ ಆ ಲೆಕ್ಕ ಸುಳ್ಳು, 30 ದೊಡ್ಡ ಚೌಕಗಳಲ್ಲಿ ಬರುವ ಬಡಿತ ಎಣಿಸಿ ಹತ್ತರಿಂದ ಗುಣಿಸಿ. ಪಿಆರ್ (ಪಿ ಅಲೆಯ ಶುರುವಿನಿಂದ ಕ್ಯೂಆರ್‌ಎಸ್ ಶುರುವಿನವರೆಗಿನ ಸಮಯ) ಸಾಮಾನ್ಯವಾಗಿ 0.12ರಿಂದ 0.20 ಸೆಕೆಂಡು, ಕ್ಯೂಆರ್‌ಎಸ್ (ಆರ್ ಇರುವ ಮೊನೆಗುಚ್ಛ) 0.12ಕ್ಕಿಂತ ಕಡಿಮೆ.

ಡ್ರಿಪ್ ಮತ್ತು ಪಂಪ್ ಲೆಕ್ಕ

ಡ್ರಿಪ್ ಸೆಟ್ಟಿನ ಪೊಟ್ಟಣದ ಮೇಲೆ ಒಂದು ಎಂಎಲ್‌ಗೆ ಎಷ್ಟು ಹನಿ ಎಂದು ಅಚ್ಚಾಗಿರುತ್ತದೆ. ನಮ್ಮಲ್ಲಿ ಹೆಚ್ಚಾಗಿ 20, ಮೈಕ್ರೋ ಸೆಟ್ ಆದರೆ 60. 500 ಎಂಎಲ್ 4 ಗಂಟೆಯಲ್ಲಿ ಹೋಗಬೇಕಾದರೆ 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿ: ನಿಮಿಷಕ್ಕೆ ಸುಮಾರು 42 ಹನಿ.

ಪಂಪ್ ಮೂಲಕ ಕೊಡುವ, ಬಿಪಿ ಏರಿಸುವ ಔಷಧಿ ಡೋಪಮಿನ್‌ನ 5 ಎಂಎಲ್ ಆಂಪ್ಯೂಲಿನಲ್ಲಿ 200 ಮಿ.ಗ್ರಾಂ. 45 ಎಂಎಲ್ ಸಲೈನ್ ಸೇರಿಸಿ 50 ಮಾಡಿದರೆ ಎಂಎಲ್‌ಗೆ 4 ಮಿ.ಗ್ರಾಂ. ರೋಗಿ 60 ಕೆ.ಜಿ., ಆರ್ಡರ್ ಕೆ.ಜಿ.ಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ. ಅಂದರೆ ನಿಮಿಷಕ್ಕೆ 300, ಗಂಟೆಗೆ 18,000 ಮೈಕ್ರೋಗ್ರಾಂ, ಎಂದರೆ 18 ಮಿ.ಗ್ರಾಂ. ನಾಲ್ಕರಿಂದ ಭಾಗಿಸಿ, ಪಂಪ್‌ಗೆ ಗಂಟೆಗೆ 4.5 ಎಂಎಲ್. ಎಡವುವುದು ಎರಡೇ ಕಡೆ: 60 ನಿಮಿಷದಿಂದ ಗುಣಿಸುವುದನ್ನು ಬಿಡುವುದು, ಮೈಕ್ರೋ ಮತ್ತು ಮಿಲಿ ಕಲಸಿಬಿಡುವುದು. ಪ್ರತಿ ಸಾಲಿನಲ್ಲೂ ಮಾನ ಬರೆಯುವ ಅಭ್ಯಾಸವಿದ್ದರೆ ಎರಡೂ ಕಣ್ಣಿಗೆ ಬೀಳುತ್ತವೆ.

ಥಿಯರಿಯ ಬಗ್ಗೆ ಎರಡೇ ಮಾತು

ಪತ್ರಿಕೆ 3 ಗಂಟೆ, 100 ಅಂಕದ್ದಾದರೆ ಕೊನೆಯ 10 ನಿಮಿಷ ಬಿಟ್ಟು ಅಂಕಕ್ಕೆ 1.7 ನಿಮಿಷ ಸಿಗುತ್ತದೆ. ಹತ್ತಂಕದ ಪ್ರಶ್ನೆಗೆ 17 ನಿಮಿಷ, ಅದಕ್ಕಿಂತ ಹೆಚ್ಚು ಕೊಟ್ಟರೆ ಎರಡಂಕದವು ಖಾಲಿ ಉಳಿಯುತ್ತವೆ. ಹಳೇ ಪ್ರಶ್ನೆಪತ್ರಿಕೆಗಳನ್ನು ಓದಬೇಡಿ, ಪುಸ್ತಕ ಮುಚ್ಚಿ ಬರೆಯಿರಿ. ಅಮೆರಿಕದ ಕನಸಿರುವವರಿಗೊಂದು ಮಾತು: ಪಿಎಗಳಿಗಾಗಿ ಅಲ್ಲಿ ನಡೆಯುವ ಪ್ಯಾನ್ಸ್ ಎಂಬ ಅರ್ಹತಾ ಪರೀಕ್ಷೆ 300 ಪ್ರಶ್ನೆ, ಒಂದೊಂದು ಗಂಟೆಯ ಐದು ಭಾಗ. ಆದರೆ ಅಲ್ಲಿ ಮಾನ್ಯತೆ ಪಡೆದ ಕೋರ್ಸ್ ಮುಗಿಸಿದವರು ಮಾತ್ರ ಕೂರಬಹುದು, ಇಲ್ಲಿನ ಬಿಎಸ್ಸಿ ಪದವಿಯೊಂದೇ ಸಾಲದು.

ಕೊನೆಯ ಅರ್ಧ ನಿಮಿಷ

ಕೇಸ್ ಒಪ್ಪಿಸುವಾಗ ಮೊದಲ ವಾಕ್ಯದಲ್ಲೇ ವಯಸ್ಸು, ಮುಖ್ಯ ತೊಂದರೆ, ಎಷ್ಟು ದಿನದಿಂದ ಎಂಬುದೆಲ್ಲ ಬಂದುಬಿಡಲಿ. ಡಯಾಗ್ನೋಸಿಸ್ ಕೇಳಿದರೆ ಹೇಳಿ, ಆದರೆ ಔಷಧಿ ನೀವೇ ಶುರುಮಾಡುವಂತೆ ಮಾತಾಡಬೇಡಿ. ಪಿಎ ಕೆಲಸ ಮಾಡುವುದು ವೈದ್ಯರ ಮೇಲ್ವಿಚಾರಣೆಯಲ್ಲಿ, "ಈ ಅಂಶಗಳನ್ನು ಕನ್ಸಲ್ಟೆಂಟ್‌ಗೆ ತಕ್ಷಣ ತಿಳಿಸುತ್ತೇನೆ" ಎಂಬ ಸಾಲು ಚೆಕ್‌ಲಿಸ್ಟಿನಲ್ಲಿ ಇದ್ದೇ ಇರುತ್ತದೆ. ಗಂಟೆ ಹೊಡೆಯಲು ಮೂವತ್ತು ಸೆಕೆಂಡಿದೆ ಎಂದಾಗ ಪರೀಕ್ಷೆ ನಿಲ್ಲಿಸಿ, ರೋಗಿಯ ಹೊದಿಕೆ ಸರಿಮಾಡಿ, ಮಂಚದ ಕಂಬಿ ಎತ್ತಿ, ಧನ್ಯವಾದ ಹೇಳಿ, ಮತ್ತೆ ಕೈ ಶುಚಿ ಮಾಡಿಕೊಂಡು ಮುಂದಿನ ಸ್ಟೇಷನ್‌ಗೆ ನಡೆಯಿರಿ.