ಪೋಸ್ಟ್‌ಡಾಕ್ ಹುಡುಕುವವರಿಗೆ ಒಂದಿಷ್ಟು ಮಾತು

ಪೋಸ್ಟ್‌ಡಾಕ್ ಅಂದ್ರೆ ಪಿಎಚ್‌ಡಿ ಆದ ಮೇಲೆ ಕೆಲವು ಕಾಲ ಮಾಡುವ ಸಂಶೋಧನೆಯ ಕೆಲಸ. ಥೀಸಿಸ್ ಕೊಟ್ಟ ಮೇಲೆ ಅದನ್ನು ಹುಡುಕೋಣ ಅಂತ ಕೂತರೆ ತಡವಾಯಿತು ಅಂತಲೇ ಲೆಕ್ಕ. ಒಂದು ವರ್ಷ ಮೊದಲೇ ಶುರು ಮಾಡಿ. ಯಾಕಂದ್ರೆ ಒಂದೊಂದು ವಿಷಯದಲ್ಲಿ ಒಂದೊಂದು ಪದ್ಧತಿ, ಪಕ್ಕದ ಲ್ಯಾಬಿನ ಗೆಳೆಯ ಮಾಡಿದ್ದನ್ನೇ ಮಾಡಿದರೆ ನಿಮಗೆ ಕೆಲಸ ಸಿಗಬೇಕು ಅಂತೇನಿಲ್ಲ.

ಗಣಿತದವರಿಗೆ ಮ್ಯಾಥ್‌ಜಾಬ್ಸ್ ಅನ್ನೋ ಕೆಲಸದ ವೆಬ್‌ಸೈಟ್ ಇದೆ, ಹೈ ಎನರ್ಜಿ ಫಿಸಿಕ್ಸ್‌ನವರಿಗೆ ಇನ್‌ಸ್ಪೈರ್ ಅನ್ನೋ ವೆಬ್‌ಸೈಟ್, ಖಗೋಳದವರಿಗೆ ಅಮೆರಿಕನ್ ಅಸ್ಟ್ರೊನಾಮಿಕಲ್ ಸೊಸೈಟಿಯ ಜಾಬ್ ರಿಜಿಸ್ಟರ್. ಇವರದ್ದು ಸೀಸನ್ ವ್ಯವಹಾರ. ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಅರ್ಜಿ ಹಾಕಿದರೆ ಸೇರುವುದು ಮುಂದಿನ ವರ್ಷ.

ಬಯಾಲಜಿ, ಕೆಮಿಸ್ಟ್ರಿಯವರ ಕಥೆ ಬೇರೆ. ಇಲ್ಲಿ ಎಷ್ಟೋ ಕೆಲಸಗಳು ಜಾಹೀರಾತಿಗೇ ಬರುವುದಿಲ್ಲ, ನೇರ ಪ್ರೊಫೆಸರ್‌ಗೆ ಮೇಲ್ ಬರೆಯಬೇಕು. ನಾನು ಮೊದಲ ಸುತ್ತಿನಲ್ಲಿ ಒಂದೇ ಮೇಲನ್ನು ನಲವತ್ತು ಜನಕ್ಕೆ ಕಳಿಸಿದ್ದೆ. ಆಮೇಲೆ ನೋಡಿದರೆ ಹೆಸರು ಬದಲಾಯಿಸಿದ ಸಾಲಿನ ಫಾಂಟ್ ಒಂದು, ಉಳಿದಿದ್ದರ ಫಾಂಟ್ ಇನ್ನೊಂದು! ಯಾರು ಉತ್ತರ ಕೊಡುತ್ತಾರೆ ಹೇಳಿ?

ಎರಡನೇ ಸುತ್ತಿಗೆ ಆರೇ ಜನರನ್ನು ಆರಿಸಿಕೊಂಡೆ. 'ನಿಮ್ಮ ಸಂಶೋಧನೆಯಲ್ಲಿ ನನಗೆ ತುಂಬಾ ಆಸಕ್ತಿ' ಅನ್ನೋ ಸಾಲು ತೆಗೆದು ಹಾಕಿದೆ. ಅದರ ಬದಲು, ನಿಮ್ಮ ಪೇಪರಿನ ಮೂರನೇ ಚಿತ್ರದಲ್ಲಿ ಈ ಪ್ರೋಟೀನ್ ಬಿಸಿಗೆ ಮುದ್ದೆಗಟ್ಟುತ್ತದೆ, ನಾನು ಯೀಸ್ಟ್‌ನಲ್ಲಿ ಅಂಥದ್ದೇ ಮುದ್ದೆಗಳನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ದೇನೆ, ಅವು ಮತ್ತೆ ಕರಗುತ್ತವೆಯಾ ಅಂತ ನಿಮ್ಮಲ್ಲಿ ಪರೀಕ್ಷಿಸಬಹುದು, ಅಂತ ಬರೆದೆ. ಅಷ್ಟೇ. ಎರಡು ಪ್ಯಾರಾ, ಒಂದು ಸಿವಿ. ಮೂರು ಉತ್ತರ ಬಂದವು.

ಉತ್ತರ ಬಂದರೂ 'ದುಡ್ಡಿಲ್ಲ, ಫೆಲೋಶಿಪ್ ತಂದರೆ ಬನ್ನಿ' ಅನ್ನುವವರೇ ಜಾಸ್ತಿ. ಬೇಸರ ಬೇಡ, ಅದು ಅರ್ಧ ಒಪ್ಪಿಗೆ ಇದ್ದಂತೆ. ಯುರೋಪಿಗೆ ಮೇರಿ ಕ್ಯೂರಿ ಫೆಲೋಶಿಪ್ ಇದೆ, ಕೊನೆ ದಿನ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ. ಹೋಗಬೇಕಾದ ದೇಶದಲ್ಲಿ ಆ ಕೊನೆ ದಿನಕ್ಕಿಂತ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್ ಯಾವ ವಿಷಯದವರಿಗಾದರೂ ಸಿಗುತ್ತದೆ, ಕನ್ನಡ ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡಿದವರಿಗೂ ಸೇರಿ. ಮಾನವಿಕದವರು ಸುಮ್ನೆ ಬಿಟ್ಟುಬಿಡುತ್ತಾರೆ ಅದನ್ನು. ನಮ್ಮಲ್ಲೇ ಇರುತ್ತೀನಿ ಅನ್ನುವವರಿಗೆ ವಿಜ್ಞಾನದಲ್ಲಿ ನ್ಯಾಷನಲ್ ಪೋಸ್ಟ್ ಡಾಕ್ಟೋರಲ್ ಫೆಲೋಶಿಪ್ ಇದೆ, ಮೊದಲು ಕೇಂದ್ರ ಸರ್ಕಾರದ ಸರ್ಬ್ ಅನ್ನೋ ಸಂಸ್ಥೆ ಕೊಡುತ್ತಿತ್ತು, ಈಗ ಅದರ ಜಾಗಕ್ಕೆ ಬಂದ ಎಎನ್‌ಆರ್‌ಎಫ್ ಕೊಡುತ್ತದೆ. ಸಮಾಜ ವಿಜ್ಞಾನದವರಿಗೆ ಐಸಿಎಸ್‌ಎಸ್‌ಆರ್, ಅಂದ್ರೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಫೆಲೋಶಿಪ್ ಕೊಡುತ್ತದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ. ವಿ. ರಾಮನ್ ಹೆಸರಿನ ಪೋಸ್ಟ್‌ಡಾಕ್ ಇದೆ.

ಪಿಎಚ್‌ಡಿ ಆದ ದಿನದಿಂದ ವರ್ಷ ಎಣಿಸುವ ಫೆಲೋಶಿಪ್‌ಗಳು ಬಹಳ. ಆದ್ದರಿಂದ ವೈವಾ (ಥೀಸಿಸ್‌ನ ಮೌಖಿಕ ಪರೀಕ್ಷೆ) ಮುಗಿದ ಪತ್ರ, ಪ್ರೊವಿಷನಲ್ ಸರ್ಟಿಫಿಕೇಟ್ ಕೈಯಲ್ಲಿರಲಿ. ಘಟಿಕೋತ್ಸವಕ್ಕೆ ಕಾಯುತ್ತಾ ಕೂತರೆ ಕೊನೆ ದಿನ ದಾಟುತ್ತದೆ. ಶಿಫಾರಸು ಪತ್ರ ಬರೆಯುವ ಮೂವರಿಗೆ ತಿಂಗಳು ಮೊದಲೇ ಹೇಳಿ, ಹಿಂದಿನ ವಾರ ಇನ್ನೊಮ್ಮೆ ಹೇಳಿ.

ಇಂಟರ್‌ವ್ಯೂನಲ್ಲಿ, ಪ್ರೊಫೆಸರ್ ಇಲ್ಲದಾಗ ಲ್ಯಾಬಿನವರ ಹತ್ತಿರ ಹತ್ತು ನಿಮಿಷ ಮಾತಾಡಬಹುದಾ ಅಂತ ಕೇಳಲೇಬೇಕು. ಹಿಂದಿನ ಪೋಸ್ಟ್‌ಡಾಕ್‌ಗಳು ಈಗ ಎಲ್ಲಿದ್ದಾರೆ, ಕಾಂಟ್ರಾಕ್ಟ್ ವರ್ಷಕ್ಕೊಮ್ಮೆ ಮುಂದುವರಿಯುತ್ತದೆಯಾ, ಭಾನುವಾರವೂ ಬರಬೇಕಾ? ನಾನು ಕೊನೆಯದನ್ನು ಕೇಳಿದಾಗ ಒಬ್ಬಳು ಬಾಗಿಲ ಕಡೆ ನೋಡಿ, ಆಮೇಲೆ ಸುಮ್ಮನೆ ನಕ್ಕಳು. ಆ ಲ್ಯಾಬಿಗೆ ನಾನು ಹೋಗಲಿಲ್ಲ.