ಬೆಂಗಳೂರಿಗೆ ಎಷ್ಟು ಗಂಟೆಗೆ ಮುಟ್ಟುತ್ತೀರಿ?

ಜಿಲ್ಲಾ ಕೇಂದ್ರದ ವಿಮಾನ ನಿಲ್ದಾಣಕ್ಕೆ ಹೊಸ ಮಾರ್ಗ ಬೇಕೆಂದು ನಮ್ಮ ಕಚೇರಿಗೆ ಬರುವವರು ಮೊದಲು ಕೇಳುವುದು ದೆಹಲಿಯನ್ನು, ಆಮೇಲೆ ಮುಂಬೈಯನ್ನು. ಬೆಂಗಳೂರು ಹೇಗೂ ಇದೆಯಲ್ಲ ಎನ್ನುತ್ತಾರೆ. ಆ ಬೆಂಗಳೂರು ವಿಮಾನ ಎಷ್ಟು ಗಂಟೆಗೆ ದೇವನಹಳ್ಳಿಯಲ್ಲಿ ಇಳಿಯುತ್ತದೆ ಎಂದು ನಾನು ಕೇಳುತ್ತೇನೆ. ಹತ್ತೂವರೆ, ಹನ್ನೊಂದು ಎಂಬ ಉತ್ತರ ಬಂದರೆ ದೆಹಲಿಯ ಮಾತನ್ನು ಬದಿಗಿಟ್ಟು ಅಲ್ಲಿಂದಲೇ ಶುರು ಮಾಡುತ್ತೇನೆ. ಯಾವ ಊರಿಗೆ ಎಷ್ಟು ಗಂಟೆಗೆ ವಿಮಾನ ಎಂದು ತೀರ್ಮಾನಿಸುವ, ವಿಮಾನಯಾನ ಸಂಸ್ಥೆಯ ಜಾಲ ಯೋಜನೆ ವಿಭಾಗದಲ್ಲಿ ವರ್ಷಗಟ್ಟಲೆ ದುಡಿದು, ಈಗ ಸಣ್ಣ ನಿಲ್ದಾಣಗಳ ಪರವಾಗಿ ಅಂಥದ್ದೇ ಸಂಸ್ಥೆಗಳ ಮುಂದೆ ವಾದ ಮಂಡಿಸುತ್ತಿದ್ದೇನೆ. ನನಗೆ ಮನದಟ್ಟಾಗಿರುವುದು ಇಷ್ಟು: ಕರ್ನಾಟಕದ ಸಣ್ಣ ವಿಮಾನ ನಿಲ್ದಾಣದ ಹಣೆಬರಹ ಬೆಂಗಳೂರಿಗೆ ಮುಟ್ಟುವ ಗಂಟೆಯಲ್ಲಿದೆ. ದರದ ಪ್ರಶ್ನೆ ಅದರ ನಂತರದ್ದು.

ಉತ್ತರ ಕರ್ನಾಟಕದ ಒಂದು ಊರಿಗಾಗಿ ಈ ಕೆಲಸ ಹೇಗೆ ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಪ್ಪಂದದ ಕಾರಣಕ್ಕೆ ಊರಿನ ಮತ್ತು ಸಂಸ್ಥೆಯ ಹೆಸರನ್ನು ಬಿಟ್ಟಿದ್ದೇನೆ.

ಲೆಕ್ಕ ಹಾಕಲು ಎಲ್ಲರೂ ಮೊದಲು ತೆರೆಯುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಪ್ರತಿ ತಿಂಗಳು ಪ್ರಕಟಿಸುವ ಅಂಕಿಅಂಶಗಳನ್ನು. ಯಾವ ಊರಿನಿಂದ ಯಾವ ಊರಿಗೆ ಎಷ್ಟು ಜನ ಹಾರಿದರು ಎಂಬುದು ಅಲ್ಲಿ ಸಿಗುತ್ತದೆ. ಹಾರಬಹುದಾಗಿದ್ದೂ ಹಾರದೇ ಉಳಿದವರ ಲೆಕ್ಕ ಅಲ್ಲಿಲ್ಲ. ಅವರನ್ನು ಹುಡುಕಿಕೊಂಡು ನಾವು ಹೋದದ್ದು ಆನಂದರಾವ್ ವೃತ್ತಕ್ಕೆ ಮತ್ತು ಗೊರಗುಂಟೆಪಾಳ್ಯಕ್ಕೆ.

ಬೆಳಗಿನ ಐದೂವರೆಗೆ ಗೊರಗುಂಟೆಪಾಳ್ಯದಲ್ಲಿ ನಿಂತರೆ ಉತ್ತರ ಕರ್ನಾಟಕದ ಸ್ಲೀಪರ್ ಬಸ್ಸುಗಳು ಒಂದರ ಹಿಂದೆ ಒಂದು ಬಂದು ಜನರನ್ನು ಇಳಿಸಿ ಮುಂದೆ ಹೋಗುತ್ತವೆ. ಇಳಿದವರು ಕಣ್ಣುಜ್ಜಿಕೊಂಡು ಮೆಟ್ರೊ ಕಡೆಗೋ ಆಟೋ ಕಡೆಗೋ ನಡೆಯುತ್ತಾರೆ. ನಮ್ಮ ಪ್ರಶ್ನಾವಳಿಯಲ್ಲಿ ವಯಸ್ಸು, ಆದಾಯ, ‘ವಿಮಾನದಲ್ಲಿ ಎಷ್ಟು ದುಡ್ಡು ಕೊಡುತ್ತೀರಿ’ ಎಂಬ ಮಾಮೂಲು ಪ್ರಶ್ನೆಗಳನ್ನು ಹಿಂದಕ್ಕೆ ತಳ್ಳಿ, ಎಲ್ಲಕ್ಕಿಂತ ಮೊದಲು ಒಂದನ್ನು ಇಟ್ಟಿದ್ದೆ: ‘ಇವತ್ತಿನ ಮೊದಲ ಕೆಲಸ ಎಲ್ಲಿ, ಎಷ್ಟು ಗಂಟೆಗೆ?’ ಉತ್ತರಗಳು ಒಂದೇ ಕಡೆ ಬೆರಳು ಮಾಡಿದವು. ನಿಮ್ಹಾನ್ಸ್‌ನ ಹೊರರೋಗಿ ವಿಭಾಗ, ಕಿದ್ವಾಯಿ ಆಸ್ಪತ್ರೆ, ವಿಧಾನಸೌಧ, ಪೀಣ್ಯದ ಕಾರ್ಖಾನೆ, ಮಗಳ ಕಾಲೇಜು ಪ್ರವೇಶ. ಎಲ್ಲವೂ ಎಂಟರಿಂದ ಹತ್ತೂವರೆಯ ಒಳಗೆ. ಜಮೀನಿನ ವ್ಯಾಜ್ಯದ ಕಾಗದಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ ಹಿರಿಯರೊಬ್ಬರು ಹೇಳಿದರು: ‘ಹತ್ತೂವರೆಗೆ ಹೈಕೋರ್ಟಿನಲ್ಲಿ ಕೇಸಿದೆ. ನಿಮ್ಮ ವಿಮಾನ ಹತ್ತೂವರೆಗೆ ಇಳಿಸಿದರೆ ನಾನು ವಕೀಲರಿಗೆ ಏನು ಹೇಳಲಿ?’ ಅವರು ವಿಮಾನದ ದರ ಕೇಳಲೇ ಇಲ್ಲ.

ಸ್ಲೀಪರ್ ಬಸ್ಸು ಹಗಲಿನ ಒಂದು ಗಂಟೆಯನ್ನೂ ತಿನ್ನುವುದಿಲ್ಲ. ರಾತ್ರಿ ಊಟ ಮುಗಿಸಿ ಮಲಗಿದವರನ್ನು ನಸುಕಿನಲ್ಲಿ ಊರಿನ ಹೊಟ್ಟೆಯೊಳಗೇ ಇಳಿಸುತ್ತದೆ. ವಿಮಾನ ಇಳಿಸುವುದು ನಗರದ ನಡುಭಾಗದಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ. ವಾಯುವಜ್ರ ಬಸ್ಸು ಹೆಬ್ಬಾಳ ದಾಟಿ ಎಲೆಕ್ಟ್ರಾನಿಕ್ ಸಿಟಿ ಮುಟ್ಟುವ ಹೊತ್ತಿಗೆ ಆಕಾಶದಲ್ಲಿ ಉಳಿಸಿದ ಸಮಯವೆಲ್ಲ ಖರ್ಚಾಗಿರುತ್ತದೆ. ಮೈಸೂರು–ಬೆಂಗಳೂರು ವಿಮಾನಗಳು ಮತ್ತೆ ಮತ್ತೆ ಶುರುವಾಗಿ ಮತ್ತೆ ಮತ್ತೆ ನಿಂತದ್ದಕ್ಕೆ ದೊಡ್ಡ ಕಾರಣ ಇದೇ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲಂತೂ ಆ ಮಾರ್ಗಕ್ಕೆ ವಾದ ಕಟ್ಟುವುದು ಬಹಳ ಕಷ್ಟ. ರೈಲನ್ನೂ ಗಂಟೆಯ ಲೆಕ್ಕದಲ್ಲೇ ನೋಡಬೇಕು. 2023ರ ಜೂನ್‌ನಲ್ಲಿ ಬಂದ ಧಾರವಾಡ ವಂದೇ ಭಾರತ್ ಬೆಳಿಗ್ಗೆ ಬೆಂಗಳೂರಿನಿಂದ ಹೊರಡುವಂತೆ, ಮಧ್ಯಾಹ್ನ ಧಾರವಾಡದಿಂದ ಹಿಂತಿರುಗುವಂತೆ ಶುರುವಾಯಿತು. ಬೆಂಗಳೂರಿನವರಿಗೆ ಅನುಕೂಲ, ಧಾರವಾಡದವರು ಮುಟ್ಟುವಾಗ ಕಚೇರಿಗಳ ಬಾಗಿಲು ಹಾಕಿರುತ್ತದೆ.

ಸಣ್ಣ ಊರಿನ ಬೆಳಗಿನ ವಿಮಾನವೂ ಸಾಮಾನ್ಯವಾಗಿ ಹೀಗೆಯೇ ಆಗುತ್ತದೆ. ವಿಮಾನ ರಾತ್ರಿ ತಂಗುವುದು ಬೆಂಗಳೂರಿನಲ್ಲಿ. ಏಳಕ್ಕೆ ಹೊರಟು ಎಂಟೂಕಾಲಕ್ಕೆ ಊರು ಮುಟ್ಟಿ, ಅರ್ಧ ಗಂಟೆ ನಿಂತು ಹೊರಟರೆ ಹಿಂತಿರುಗುವಾಗ ಹತ್ತು. ಸಾಮಾನು ತೆಗೆದುಕೊಂಡು ನಗರದೊಳಗೆ ಬರುವಾಗ ಹನ್ನೆರಡು. ಇಂಥ ವಿಮಾನ ಅರ್ಧ ಖಾಲಿ ಹಾರಿದರೆ ‘ಆ ಊರಿನಲ್ಲಿ ಬೇಡಿಕೆ ಇಲ್ಲ’ ಎಂದು ವರದಿ ಬರೆಯುತ್ತಾರೆ. ಅಂಥ ವರದಿಗಳನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಇಂಡಿಗೋದ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿರುವುದು 78 ಆಸನ. ಎರಡು ಸ್ಲೀಪರ್ ಬಸ್ಸಿಗಿಂತ ಸ್ವಲ್ಪ ಹೆಚ್ಚು ಜನ, ಅಷ್ಟೇ. ಆ ಊರಿನಿಂದ ರಾತ್ರಿ ಹೊರಡುವ ಬಸ್ಸುಗಳ ಸಾಲು ನೋಡಿದವರು ಯಾರೂ ಬೇಡಿಕೆ ಇಲ್ಲ ಎನ್ನಲಾರರು.

ಆದ್ದರಿಂದ ನಾವು ಕೇಳಬೇಕಾದದ್ದು ರಾತ್ರಿ ತಂಗುವ ವಿಮಾನವನ್ನು. ಸಂಜೆ ಬೆಂಗಳೂರಿನಿಂದ ಬಂದು, ಊರಿನಲ್ಲಿ ಮಲಗಿ, ಬೆಳಿಗ್ಗೆ ಆರೂವರೆಗೆ ಹೊರಡುವ ವಿಮಾನ. ಕೇಳುವುದು ಸುಲಭ, ಆಗಿಸುವುದಕ್ಕೆ ಏಳು ಕೆರೆಯ ನೀರು ಕುಡಿಯಬೇಕು. ಕತ್ತಲಲ್ಲಿ ಇಳಿಯಲು ರನ್‌ವೇ ದೀಪಗಳು ಬೇಕು. ನಿಲ್ದಾಣ ತೆರೆದಿರುವ ವೇಳೆಯನ್ನು ಎರಡೂ ತುದಿಗೆ ವಿಸ್ತರಿಸಬೇಕು. ಅಂದರೆ ವಾಯು ಸಂಚಾರ ನಿಯಂತ್ರಕರು, ಅಗ್ನಿಶಾಮಕ ಸಿಬ್ಬಂದಿ, ಭದ್ರತೆಯವರು ಇನ್ನೊಂದು ಪಾಳಿ ಕೆಲಸ ಮಾಡಬೇಕು. ಉಪಕರಣಗಳ ನೆರವಿಲ್ಲದೆ ಕಣ್ಣಳತೆಯಲ್ಲೇ ಇಳಿಯುವ ನಿಲ್ದಾಣದಲ್ಲಿ 5 ಕಿಲೋಮೀಟರ್ ದೂರ ಕಾಣಿಸಬೇಕು. ಚಳಿಗಾಲದ ಮಂಜಿನಲ್ಲಿ ಅದು ಎಲ್ಲ ದಿನ ಸಿಗುವುದಿಲ್ಲ. ಪೈಲಟ್‌ಗಳಿಗೆ ನಿಯಮದಂತೆ ವಿಶ್ರಾಂತಿ ಸಿಗುವ ಹೋಟೆಲ್ ಬೇಕು, ಬೆಳಿಗ್ಗೆ ವಿಮಾನವನ್ನು ಪರೀಕ್ಷಿಸಿ ಸಹಿ ಹಾಕಲು ಎಂಜಿನಿಯರ್ ಬೇಕು. ನಾವು ಸಂಸ್ಥೆಯ ಬಳಿಗೆ ಹೋಗುವ ಮೊದಲು ಜಿಲ್ಲಾಡಳಿತದ ಮೇಜಿನ ಮೇಲೆ ಈ ಒಂದೊಂದನ್ನೂ ಇಟ್ಟು, ಯಾರು ಯಾವಾಗ ಮಾಡುತ್ತಾರೆ ಎಂದು ಬರೆಸಿಕೊಂಡೆವು. ಸಂಸ್ಥೆಯ ಯೋಜಕರ ಎದುರು ಕುಳಿತಾಗ ಊರಿನ ಇತಿಹಾಸ, ಪ್ರವಾಸಿ ತಾಣಗಳ ಬಣ್ಣದ ಪುಸ್ತಿಕೆ ಯಾವ ಕೆಲಸಕ್ಕೂ ಬರುವುದಿಲ್ಲ. ಆ ಬರೆಸಿಕೊಂಡ ಕಾಗದ ಬರುತ್ತದೆ.

ಯೋಜಕರಿಗೆ ತೋರಿಸಿದ ಲೆಕ್ಕ ಇದು. ದಿನಕ್ಕೊಂದು ಎಟಿಆರ್ ಎಂದರೆ ವರ್ಷಕ್ಕೆ ಒಂದು ದಿಕ್ಕಿನಲ್ಲಿ 28,470 ಆಸನ. ಮುಕ್ಕಾಲು ಪಾಲು ತುಂಬಿಸಲು ಬೇಕಾದದ್ದು ದಿನಕ್ಕೆ 58–59 ಜನ. ಬಸ್ಸಿನಿಂದ ಇಳಿದವರಲ್ಲಿ ಹವಾನಿಯಂತ್ರಿತ ಸ್ಲೀಪರ್‌ಗೆ ಹಬ್ಬದ ದಿನಗಳಲ್ಲಿ ವಿಮಾನದಷ್ಟೇ ಹಣ ಕೊಡುವವರು ಯಾರು, ಅವರ ಮೊದಲ ಕೆಲಸ ಎಷ್ಟು ಗಂಟೆಗೆ ಎಂಬುದನ್ನು ಪಕ್ಕದಲ್ಲಿ ಇಟ್ಟೆವು. ಇನ್ನೊಂದು ಅಂಶ ಅವರ ಗಮನ ಸೆಳೆಯಿತು. ವಿಮಾನ ನಡೆಸುವ ಖರ್ಚಿನಲ್ಲಿ ದೊಡ್ಡ ಪಾಲು ಇಂಧನದ್ದು. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ನಿಲ್ದಾಣಗಳಲ್ಲಿ ತುಂಬಿಸುವ ವಿಮಾನ ಇಂಧನಕ್ಕೆ ರಾಜ್ಯದ ವ್ಯಾಟ್ ಶೇಕಡ 1. ರಾತ್ರಿ ತಂಗುವ ವಿಮಾನಕ್ಕೆ ಅಲ್ಲೇ ಇಂಧನ ತುಂಬಿಸುವ ಏರ್ಪಾಡಾದರೆ, ಹೋಟೆಲಿನ ಖರ್ಚಿನ ಒಂದಿಷ್ಟು ಭಾಗ ಅಲ್ಲೇ ಹುಟ್ಟುತ್ತದೆ. 80ಕ್ಕಿಂತ ಕಡಿಮೆ ಆಸನದ ದೇಶೀಯ ವಿಮಾನಕ್ಕೆ ಇಳಿಯುವ ಶುಲ್ಕವೂ ಇಲ್ಲ.

ಉಡಾನ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. 2017ರಲ್ಲಿ ಮೊದಲ ವಿಮಾನ ಹಾರಿದಾಗಿನಿಂದ ಅದು ಎಷ್ಟೋ ಊರುಗಳಿಗೆ ಬಾಗಿಲು ತೆರೆದಿದೆ. ಅರ್ಧದಷ್ಟು ಆಸನಗಳಿಗೆ ದರದ ಮಿತಿ, ನಷ್ಟ ತುಂಬುವ ಅನುದಾನ, ಮಾರ್ಗದ ಮೇಲೆ ಮೂರು ವರ್ಷದ ಏಕಸ್ವಾಮ್ಯ: ಸಂಸ್ಥೆ ಬರಲು ಇಷ್ಟು ಸಾಕು. ಉಳಿಯಲು ಸಾಲದು. ಆ ಮೂರು ವರ್ಷದಲ್ಲಿ ವೇಳೆಯನ್ನು ಸರಿಪಡಿಸಿಕೊಳ್ಳದ ಊರು ನಾಲ್ಕನೆಯ ವರ್ಷ ಮತ್ತೆ ಮನವಿಪತ್ರ ಹಿಡಿದು ಓಡಾಡಬೇಕಾಗುತ್ತದೆ.

ಪಕ್ಕದ ನಿಲ್ದಾಣವನ್ನು ಮರೆತು ಲೆಕ್ಕ ಹಾಕುವವರೂ ಇದ್ದಾರೆ. ಹುಬ್ಬಳ್ಳಿ, ಬೆಳಗಾವಿಗಳ ನಡುವೆ ಸುಮಾರು 100 ಕಿಲೋಮೀಟರ್. 2018ರಲ್ಲಿ ಹುಬ್ಬಳ್ಳಿ ಉಡಾನ್ ಪಟ್ಟಿಗೆ ಸೇರಿದಾಗ ಸ್ಪೈಸ್‌ಜೆಟ್ ಬೆಳಗಾವಿಯನ್ನು ಬಿಟ್ಟು ಹುಬ್ಬಳ್ಳಿಗೆ ಹೋಯಿತು. ಬೆಳಗಾವಿಯವರು ಪಟ್ಟು ಹಿಡಿದರು, 2019ರ ಜನವರಿಯಲ್ಲಿ ಉಡಾನ್ ಮೂರನೇ ಸುತ್ತಿನಲ್ಲಿ ಅವರ ನಿಲ್ದಾಣಕ್ಕೂ ಮಾರ್ಗಗಳು ಸಿಕ್ಕವು. ಒಂದೇ ಪ್ರದೇಶದ ಪ್ರಯಾಣಿಕರು ನಿಯಮ ಬದಲಾದಂತೆ ಅತ್ತಿತ್ತ ಹರಿದರು. 2023ರಲ್ಲಿ ಗೋವಾದ ಮೋಪಾ ನಿಲ್ದಾಣ ತೆರೆದ ಮೇಲೆ ಬೆಳಗಾವಿಗೆ ಮತ್ತೊಬ್ಬ ಎದುರಾಳಿ. ಬೀದರ್, ಕಲಬುರಗಿಗಳಿಗೆ ಹೈದರಾಬಾದಿನ ಶಂಷಾಬಾದ್ ನಿಲ್ದಾಣ. ಈ ಊರುಗಳ ಜನ ದೆಹಲಿಗೆ ಹಾರುತ್ತಿಲ್ಲ ಎಂದಲ್ಲ, ಬೇರೆ ನಿಲ್ದಾಣದಿಂದ ಹಾರುತ್ತಿದ್ದಾರೆ.

ಎರಡನೇ ಸಂಸ್ಥೆ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯೂ ಜನರಲ್ಲಿದೆ. ನಾನು ಸಂಸ್ಥೆಯಲ್ಲಿದ್ದಾಗ ಹತ್ತಿರದಿಂದ ಕಂಡದ್ದು ಬೇರೆ. ಒಂದು ಮಾರ್ಗದಲ್ಲಿ ಇಬ್ಬರೂ ನಡುಬೆಳಗಿಗೇ ವಿಮಾನ ಇಟ್ಟರು, ಏಕೆಂದರೆ ಇಬ್ಬರ ವಿಮಾನವೂ ಬೆಂಗಳೂರಿನಲ್ಲೇ ಮಲಗುತ್ತಿತ್ತು. ದರ ಬಿತ್ತು, ಹೊಸ ಪ್ರಯಾಣಿಕರು ಬರಲಿಲ್ಲ, ಇದ್ದವರೇ ಹಂಚಿಹೋದರು. ಕೊನೆಗೆ ಒಬ್ಬರು ಹೊರಟರು, ಉಳಿದವರು ದರ ಏರಿಸಿದರು. ಒಂದೇ ಸಂಸ್ಥೆ ಬೆಳಿಗ್ಗೆ ಮತ್ತು ಸಂಜೆ ಎರಡು ಸಲ ಹಾರಿದರೆ ಕಥೆಯೇ ಬೇರೆ. ಹೆಚ್ಚು ಸಲ ಹಾರುವವರಿಗೆ ತಮ್ಮ ಆಸನದ ಪಾಲಿಗಿಂತ ಹೆಚ್ಚಿನ ಪಾಲು ಪ್ರಯಾಣಿಕರು ಸಿಗುತ್ತಾರೆ, ಏಕೆಂದರೆ ಅವತ್ತೇ ಹೋಗಿ ಅವತ್ತೇ ಬರುವವರು ಟಿಕೆಟ್ ಕೊಳ್ಳುವುದು ಅವರಲ್ಲೇ. ಸಣ್ಣ ಊರಿಗೆ ಸ್ಪರ್ಧೆ ಬೇಕು, ಆದರೆ ಬೇರೆ ಬೇರೆ ಗಂಟೆಗಳಲ್ಲಿ ಬೇಕು.

ಇನ್ನು ದೆಹಲಿ. ಬೆಳಿಗ್ಗೆ ಎಂಟರೊಳಗೆ ಬೆಂಗಳೂರು ಮುಟ್ಟಿದ ವಿಮಾನದಿಂದ ದೆಹಲಿ, ಕೋಲ್ಕತ್ತ, ಗುವಾಹಟಿ ಎಲ್ಲವೂ ಕೈಗೆ ಸಿಗುತ್ತವೆ, ಒಂದೇ ಟಿಕೆಟ್‌ನಲ್ಲಿ ಸಾಮಾನು ಕೊನೆಯವರೆಗೆ ಹೋಗುವಂತಿದ್ದರೆ. ಬೇರೆ ಬೇರೆ ಟಿಕೆಟ್, ಬೇರೆ ಟರ್ಮಿನಲ್ ಆದರೆ ವಯಸ್ಸಾದವರು ಆ ಗೋಜಿಗೇ ಹೋಗುವುದಿಲ್ಲ. ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್‌ನಿಂದ 2023ರ ಜನವರಿ 15ರಂದು ಮೊದಲು ಹೊರಟದ್ದು ಸ್ಟಾರ್ ಏರ್‌ನ ಕಲಬುರಗಿ ವಿಮಾನ. ನನಗೆ ಅಂದು ಆದ ಸಂತೋಷ ಅಷ್ಟಿಷ್ಟಲ್ಲ. ಅಂಥ ಕಟ್ಟಡದೊಳಗೆ ಇಳಿದವರು ಅಲ್ಲಿಂದಲೇ ಮುಂದಿನ ವಿಮಾನ ಹತ್ತುವಂತಾಗಬೇಕು ಎಂಬುದೇ ನಮ್ಮ ಮುಂದಿನ ವಾದ.

ಬೆಂಗಳೂರಿನ ಬೆಳಗಿನ ಸ್ಲಾಟ್ (ವಿಮಾನ ಇಳಿಯಲು, ಹೊರಡಲು ಗೊತ್ತುಪಡಿಸುವ ವೇಳೆ) ಮಾತ್ರ ಕೊನೆಯವರೆಗೂ ಕಾಡಿತು. ದಕ್ಷಿಣದ ರನ್‌ವೇ 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂದರೂ ಬೆಳಗಿನ ಹೊತ್ತಿಗೆ ನೂಕುನುಗ್ಗಲು ತಪ್ಪಿಲ್ಲ. ಅಕ್ಟೋಬರ್ ಕೊನೆಗೆ ಶುರುವಾಗುವ ಚಳಿಗಾಲದ ವೇಳಾಪಟ್ಟಿಗೆ ತಿಂಗಳುಗಳ ಮೊದಲೇ ಸ್ಲಾಟ್ ಕೇಳಿರಬೇಕು. ನಮ್ಮವರಿಗೆ ಏಳೂಮುಕ್ಕಾಲರ ಸ್ಲಾಟ್ ಸಿಕ್ಕಿತು, ವಿಮಾನ ಊರಿನಲ್ಲಿ ತಂಗಲು ಶುರುಮಾಡಿತು. ಮಂಜಿನ ದಿನಗಳಲ್ಲಿ ತಡವಾಗುತ್ತದೆ, ದೂರುಗಳು ಬರುತ್ತವೆ, ಆದರೂ ಬೆಳಗಿನ ವಿಮಾನ ತುಂಬಿ ಹೋಗುತ್ತಿದೆ. ಸಂಜೆಯದು ಇನ್ನೂ ಸರಿಯಾಗಿಲ್ಲ: ಐದಕ್ಕೇ ಬೆಂಗಳೂರು ಬಿಡುತ್ತದೆ, ನಗರದಲ್ಲಿ ಕೆಲಸವಿದ್ದವರು ಎರಡು ಗಂಟೆಗೇ ಹೊರಡಬೇಕು. ಏಳೂವರೆಗೆ ತಳ್ಳಿಸಲು ನಿಲ್ದಾಣದ ರಾತ್ರಿ ಪಾಳಿ ಇನ್ನೂ ಎರಡು ಗಂಟೆ ಬೆಳೆಯಬೇಕು. ಅದರ ಕಡತ ಜಿಲ್ಲಾಡಳಿತದಿಂದ ಮುಂದಕ್ಕೆ ಹೋಗಿದೆ. ಬೇಸಿಗೆಯ ವೇಳಾಪಟ್ಟಿಗೆ ಸ್ಲಾಟ್ ಅರ್ಜಿಯನ್ನು ಸಂಸ್ಥೆಯವರು ಏಳೂವರೆಗೇ ಹಾಕಿದ್ದಾರೆ.