ಬಚ್ಚಲೊಲೆ ಹೊಗೆ ಕಾರಿದರೆ ಬೂದಿಬಾಯಿಂದ ನೋಡುತ್ತ ಬನ್ನಿ

ಕಟ್ಟಿಗೆ ಇಟ್ಟ ಕೂಡಲೇ ಒಲೆಯ ಬಾಯಿಂದ ಹೊಗೆ ವಾಪಸು ಬಂತೆಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಚಿಮಣಿಯೊಳಗೆ ಹೊಗೆಯ ದಾರಿಯನ್ನು ತೆರೆದು ಮುಚ್ಚುವ ಅಡ್ಡತಗಡಿಗೆ. ಅತ್ತ ತಿರುಗಿಸಿ, ಇತ್ತ ತಿರುಗಿಸಿ, ಕೊನೆಗೆ ಊದುಗೊಳವೆ ಹಿಡಿದು ಕಣ್ಣೊರೆಸಿಕೊಳ್ಳುತ್ತ ಕೂರುತ್ತಾರೆ. ತಪ್ಪು ತಗಡಿನದ್ದಾಗಿರುವುದು ಕಡಿಮೆ. ಗಾಳಿ ಒಲೆಯ ಬುಡದಲ್ಲಿ ಒಳಹೊಕ್ಕು ಚಿಮಣಿಯ ತುದಿಯಲ್ಲಿ ಹೊರಗೆ ಹೋಗುತ್ತದೆ. ನಡುವೆ ಎಲ್ಲಿ ಕಟ್ಟಿಕೊಂಡರೂ ಹೊಗೆ ಮುಖಕ್ಕೇ ಬರುತ್ತದೆ. ಆದ್ದರಿಂದ ಗಾಳಿ ಹೋಗುವ ದಾರಿಯಲ್ಲೇ, ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಹಂಡೆ ಕೂರಿಸಿ ಕಟ್ಟಿದ ಒಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಿದ್ದೇನೆ: ಮೇಲೆ ಕಟ್ಟಿಗೆಬಾಯಿ, ಕೆಳಗೆ ಬೂದಿಬಾಯಿ, ನಡುವೆ ಕಬ್ಬಿಣದ ಸರಳುಗಳು, ಹಿಂದೆ ಚಿಮಣಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ ತಂಡದವರು ರೂಪಿಸಿದ ಅಸ್ತ್ರ ಒಲೆ ಅಡುಗೆಮನೆಯಲ್ಲಿದ್ದರೆ ಅದಕ್ಕೂ ಇದೇ ಲೆಕ್ಕ.

ಮೊದಲು ಬೂದಿ. ಸರಳಿನ ಕೆಳಗೆ ನಾಲ್ಕು ಇಂಚಾದರೂ ಖಾಲಿ ಜಾಗ ಇರಬೇಕು. ಬೂದಿ ಏರಿ ಸರಳಿಗೆ ತಾಗಿದರೆ ಗಾಳಿಯೂ ನಿಲ್ಲುತ್ತದೆ, ಸರಳೂ ಹಾಳಾಗುತ್ತದೆ, ಏಕೆಂದರೆ ಅಡಿಯಿಂದ ಹಾಯುವ ತಣ್ಣನೆ ಗಾಳಿಯೇ ಸರಳನ್ನು ಕಾಪಾಡುವುದು. ಅದಿಲ್ಲದಿದ್ದರೆ ಕೆಂಪಗೆ ಕಾದು ನಡುವೆ ಜೋತುಬೀಳುತ್ತದೆ. ಅಡಿಕೆ ಸಿಪ್ಪೆ ಉರಿಸುವವರು ಬೂದಿಯನ್ನು ದಿನಾ ಎಳೆಯಬೇಕು. ಅದು ಉರಿಯುವುದಕ್ಕಿಂತ ಒಳಗೊಳಗೇ ಕನಲುವುದೇ ಹೆಚ್ಚು, ಸರಳಿನ ಸಂದಿಗೆ ಮೆತ್ತಿಕೊಳ್ಳುತ್ತದೆ. ಸಂದಿ ಕಿರುಬೆರಳು ತೂರುವಷ್ಟಿರಲಿ. ಇನ್ನೊಂದು ಮಾತು: ಸರಳಿನ ಎರಡೂ ತುದಿಯನ್ನು ಗೋಡೆಯ ಮಣ್ಣಿನಲ್ಲಿ ಬಿಗಿಯಾಗಿ ಹೂಳಬೇಡಿ. ಒಂದಡಿ ಉದ್ದದ ಕಬ್ಬಿಣ ಚೆನ್ನಾಗಿ ಕಾದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ, ಗೋಡೆಯನ್ನು ಒತ್ತಿ ಸೀಳುತ್ತದೆ. ಒಂದು ತುದಿಯಲ್ಲಿ ಕಾಲು ಇಂಚು ಸಡಿಲ ಬಿಟ್ಟರೆ ಸಾಕು.

ಬೂದಿ ಸರಿಯಿದ್ದೂ ಹೊಗೆಯಾದರೆ ಬಚ್ಚಲಿನ ಬಾಗಿಲು ತೆರೆದು ಐದು ನಿಮಿಷ ನೋಡಿ. ಹೊಗೆ ತಾನಾಗಿ ನಿಂತರೆ ಒಲೆಯಲ್ಲಿ ದೋಷವಿಲ್ಲ, ಕೋಣೆಗೆ ಗಾಳಿ ಬರುತ್ತಿಲ್ಲ. ಹಳೆಯ ಹಂಚಿನ ಬಚ್ಚಲಿಗೆ ನೂರು ಸಂದಿ ಇದ್ದವು. ತಾರಸಿ ಹಾಕಿ, ಟೈಲ್ಸ್ ಹಚ್ಚಿ, ಬಿಗಿಯಾದ ಬಾಗಿಲು ಕೂರಿಸಿದ ಮೇಲೆ ಒಲೆಗೆ ಉಸಿರು ಕಟ್ಟುತ್ತದೆ. ಅದರ ಮೇಲೆ ಎಕ್ಸಾಸ್ಟ್ ಫ್ಯಾನ್ ಬೇರೆ ತಿರುಗುತ್ತಿದ್ದರೆ ಅದು ಚಿಮಣಿಯ ಹೊಗೆಯನ್ನೇ ಕೋಣೆಗೆ ಎಳೆಯುತ್ತದೆ. ಒಲೆ ಉರಿಯುವಾಗ ಫ್ಯಾನ್ ಬೇಡ. ನೆಲದ ಹತ್ತಿರ ಗೋಡೆಯಲ್ಲಿ ಮುಚ್ಚಲಾಗದ ಒಂದು ಗೂಡು ಬಿಡಿಸಿ, ಹಾವು ಹೆಗ್ಗಣ ನುಗ್ಗದಂತೆ ಜಾಲರಿ ಹೊಡೆಸಿ.

ಮುಂದಿನದು ಬಿರುಕು. ಹಂಡೆಯ ಕಂಠದ ಸುತ್ತ, ಚಿಮಣಿ ಸೇರುವ ಮೂಲೆಯಲ್ಲಿ ಮೆತ್ತಿದ ಮಣ್ಣು ಒಣಗಿ ಬಿಟ್ಟುಕೊಂಡಿರುತ್ತದೆ. ಅಲ್ಲಿಂದ ನುಸುಳುವ ಗಾಳಿ ಬೆಂಕಿಗೆ ತಾಗದೆ ನೇರ ಚಿಮಣಿಗೆ ಹೋಗಿ ಅದನ್ನು ತಣ್ಣಗಾಗಿಸುತ್ತದೆ, ಎಳೆತ ಕುಗ್ಗುತ್ತದೆ. ಒಲೆ ಉರಿಯುತ್ತಿರುವಾಗಲೇ ಒಂದು ಊದುಬತ್ತಿ ಹಚ್ಚಿ ಹಂಡೆಯ ಸುತ್ತ ನಿಧಾನ ಆಡಿಸಿ. ನೆಟ್ಟಗೆ ಏರುತ್ತಿದ್ದ ಹೊಗೆಯ ಎಳೆ ಎಲ್ಲಿ ತಟ್ಟನೆ ಬಾಗಿ ಮಣ್ಣಿನೊಳಗೆ ಮಾಯವಾಗುತ್ತದೋ ಅಲ್ಲೇ ಸೀಳು. ಬಳಪದಿಂದ ಗೆರೆ ಹಾಕಿಟ್ಟು ಒಲೆ ಆರಿದ ಮೇಲೆ ಮುಚ್ಚಿ. ಸಿಮೆಂಟು ಬೇಡ, ಬೆಂಕಿಯ ಪಕ್ಕ ಅದು ಬೇಗ ಬಿಟ್ಟುಕೊಳ್ಳುತ್ತದೆ. ಮೂರು ಪಾಲು ಜರಡಿ ಹಿಡಿದ ಜೇಡಿಮಣ್ಣು, ಒಂದು ಪಾಲು ಸಣ್ಣ ಮರಳು, ಒಂದೆರಡು ಹಿಡಿ ಭತ್ತದ ಉಮಿ, ಸ್ವಲ್ಪ ಸಗಣಿ ಸೇರಿಸಿ ಒಂದು ರಾತ್ರಿ ನೆನೆಸಿಡಿ. ಸೀಳನ್ನು ಬೆರಳಗಲಕ್ಕೆ ಕೆತ್ತಿ, ನೀರು ಚಿಮುಕಿಸಿ, ಒತ್ತಿ ತುಂಬಿ. ಎರಡು ದಿನ ನೆರಳಲ್ಲೇ ಒಣಗಲಿ. ಹಸಿ ಮಣ್ಣಿನ ಮೇಲೆ ಉರಿ ಹಾಕಿದರೆ ಮತ್ತೆ ಬಾಯಿಬಿಡುತ್ತದೆ.

ಈಗ ಚಿಮಣಿ, ಅಡ್ಡತಗಡು. ಹಿಡಿ ಚಿಮಣಿಯ ಉದ್ದಕ್ಕೆ ನಿಂತರೆ ತೆರೆದಿದೆ, ಅಡ್ಡಕ್ಕೆ ನಿಂತರೆ ಮುಚ್ಚಿದೆ ಎಂದು ಲೆಕ್ಕ. ಆದರೆ ಒಳಗಿನ ತಗಡಿನ ಬೆಸುಗೆ ಬಿಟ್ಟು ಹಿಡಿ ಮಾತ್ರ ತಿರುಗುತ್ತಿರಬಹುದು. ಅನುಮಾನವಿದ್ದರೆ ಒಲೆ ಆರಿದ್ದಾಗ ಮಸಿ ತೆಗೆಯುವ ಬಾಯಿಯಿಂದ ಕನ್ನಡಿ, ಟಾರ್ಚು ಹಿಡಿದು ನೋಡಿ. ಬಿಗಿಯಾಗಿ ಕಚ್ಚಿಕೊಂಡಿದ್ದರೆ ಎಣ್ಣೆ ಬಿಡಬೇಡಿ; ಬಿಸಿಗೆ ಸುಟ್ಟು ಇನ್ನಷ್ಟು ಗಟ್ಟಿ ಕಿಟ್ಟವಾಗುತ್ತದೆ. ಮಸಿ ಕೆರೆದು, ಸೀಸದಕಡ್ಡಿಯ ಕಪ್ಪು ಕಡ್ಡಿಯನ್ನು ಪುಡಿಮಾಡಿ ತಗಡಿನ ಕಂಬಿ ತಿರುಗುವ ತೂತಿಗೆ ಉದುರಿಸಿ. ಅದು ಗ್ರಾಫೈಟ್, ಬಿಸಿ ತಡೆಯುತ್ತದೆ. ತೆಳು ತಗಡು ಸೊಟ್ಟಗಾಗಿದ್ದರೆ 3 ಮಿಲಿಮೀಟರ್ ದಪ್ಪದ ಕಬ್ಬಿಣದ ತಟ್ಟೆ ಹಾಕಿಸಿ. ಪೈಪಿನ ಒಳ ಅಳತೆಗಿಂತ 3-4 ಮಿಲಿಮೀಟರ್ ಕಮ್ಮಿ ಇರಲಿ, ಒಂದು ಬದಿಯಲ್ಲಿ ಎರಡು ಬೆರಳಗಲ ಕತ್ತರಿಸಿರಲಿ. ಯಾರೋ ತಿಳಿಯದೆ ಪೂರ್ತಿ ಮುಚ್ಚಿದರೂ ಹೊಗೆಗೆ ಅಷ್ಟು ದಾರಿ ಉಳಿಯಬೇಕು.

ತುದಿಯ ಟೊಪ್ಪಿಗೆಯನ್ನು ಮರೆಯಬೇಡಿ. ಮಳೆ ಬೀಳದಿರಲೆಂದು ಪೈಪಿಗೆ ಅಂಟಿಸಿದಂತೆ ಕೂರಿಸಿರುತ್ತಾರೆ. ನಾಲ್ಕು ಇಂಚಿನ ಪೈಪಿಗೆ ಟೊಪ್ಪಿಗೆಯ ಕೆಳಗೆ ಸುತ್ತಲೂ ಒಂದು ಇಂಚು ಸಂದಿ ಬಿಟ್ಟರೆ ಹೊಗೆ ಹೋಗುವ ಜಾಗ ಪೈಪಿನ ಬಾಯಿಗೆ ಸರಿಸಮ, ಅದಕ್ಕಿಂತ ಕಮ್ಮಿಯಾದರೆ ಕತ್ತು ಹಿಸುಕಿದಂತೆ. ಮಸಿ ಕಟ್ಟುವುದೂ ಇರುವುದರಿಂದ ಮೂರು ಇಂಚು ಬಿಡಿ. ಕಣಜದ ಗೂಡು, ಅಳಿಲು ತುರುಕಿದ ನಾರು ಸಿಗುವುದೂ ಅಲ್ಲೇ. ಪೈಪು ಹಳೆಯ ಕಲ್ನಾರಿನ ಸಿಮೆಂಟಿನದ್ದಾದರೆ ತಂತಿ ಬ್ರಷ್ಷಿನಿಂದ ಉಜ್ಜಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೇಡು. ಬದಲಾಯಿಸುವುದೇ ವಾಸಿ.

ಎಲ್ಲ ಸರಿಯಿದ್ದೂ ಮಳೆಗಾಲದ ಬೆಳಿಗ್ಗೆ ಮಾತ್ರ ಹೊಗೆಯಾಡಿದರೆ ಚಿಮಣಿಯೊಳಗಿನ ಗಾಳಿ ತಣ್ಣಗೆ ಭಾರವಾಗಿ ಕೂತಿದೆ ಎಂದರ್ಥ. ಎರಡು ಹಾಳೆ ಪೇಪರು ಸುರುಳಿ ಸುತ್ತಿ ಮಸಿಬಾಯಿಯಲ್ಲಿ ಉರಿಸಿ, ಅದು ಮೇಲಕ್ಕೆ ಸುಯ್ಯೆಂದು ಎಳೆದ ಮೇಲೆ ಕಟ್ಟಿಗೆಗೆ ಬೆಂಕಿ ಕೊಡಿ. ಕಟ್ಟಿಗೆಯೂ ಒಣಗಿರಬೇಕು: ಎರಡು ತುಂಡು ತಾಗಿಸಿದರೆ ಠಣ್ ಅನ್ನಬೇಕು, ದಬ್ ಅಂದರೆ ಹಸಿ. ಹಸಿ ಕಟ್ಟಿಗೆಗೆ ಯಾವ ತಗಡೂ ಮದ್ದಲ್ಲ. ಡಾಂಬರಿನಂಥ ಅಂಟು ಚಿಮಣಿಗೆ ಹಿಡಿದು ಒಂದು ದಿನ ಅದಕ್ಕೇ ಬೆಂಕಿ ಹತ್ತಬಹುದು.

ಹಚ್ಚುವಾಗ ಬೂದಿಬಾಯಿ, ತಗಡು ಎರಡೂ ಪೂರ್ತಿ ತೆರೆದಿರಲಿ. ಹತ್ತು ಹದಿನೈದು ನಿಮಿಷದಲ್ಲಿ ಉರಿ ಕೂತ ಮೇಲೆ ಬೂದಿಬಾಯನ್ನು ಅರ್ಧ ಮಾಡಿ, ಆಮೇಲೆ ತಗಡನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ಉರಿ ಗೊರ್ರೆಂದು ಚಿಮಣಿಗೇ ನುಗ್ಗುತ್ತಿದ್ದರೆ ಗಾಳಿ ಹೆಚ್ಚು, ಹಂಡೆಯ ಬಿಸಿ ಆಕಾಶಕ್ಕೆ ಹೋಗುತ್ತಿದೆ. ಉರಿ ಮಂಕಾಗಿ ಕೆಂಪಗೆ ಹೊಗೆ ಬೆರೆತಿದ್ದರೆ ಗಾಳಿ ಸಾಲದು. ತೆಂಗಿನ ಕರಟ ಹಾಕಿದಾಗ ಬೂದಿಬಾಯನ್ನು ಇನ್ನೂ ಕಿರಿದು ಮಾಡಿ, ಹೊಸ ಕಟ್ಟಿಗೆ ಒಟ್ಟಿದಾಗ ಮತ್ತೆ ತೆರೆಯಿರಿ. ಕೆಂಡ ಉಳಿದಿದೆ, ಬಿಸಿ ಹಾಗೇ ನಿಲ್ಲಲಿ ಎಂದು ತಗಡು ಮುಚ್ಚುವ ಅಭ್ಯಾಸ ದಯವಿಟ್ಟು ಬಿಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮುಚ್ಚಿದ ಬಚ್ಚಲಲ್ಲಿ ಪ್ರಾಣವನ್ನೇ ತೆಗೆಯುತ್ತದೆ. ಸ್ನಾನಕ್ಕೆ ಹೋದವರಿಗೆ ತಲೆ ಭಾರ, ವಾಕರಿಕೆ ಅನ್ನಿಸಿದರೆ ನೀರು ಅಲ್ಲೇ ಬಿಟ್ಟು ಹೊರಗೆ ಬರಲಿ. ಮಕ್ಕಳು ಚಿಲಕ ಹಾಕಿಕೊಳ್ಳುವ ಮೊದಲು ತಗಡಿನ ಹಿಡಿ ಉದ್ದಕ್ಕಿದೆಯೇ, ಕಿಟಕಿ ತೆರೆದಿದೆಯೇ ಎಂದು ನೀವೇ ಒಮ್ಮೆ ನೋಡಿ.